ನೆಲದೊಳಗಿನ ನೀರಿಗೂ ಲೆಕ್ಕವುಂಟು

(ಗೆಂಡೆಹಳ್ಳಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಲೋಕದ ನೆಲ, ನೀರು, ಗಾಳಿಗಳ ವಿಷಯವಾಗಿ ವಿಜ್ಞಾನಿಗಳು ಈಚೆಗೆ ಏನೇನು ಕಂಡುಕೊಂಡಿದ್ದಾರೆ ಎಂಬುದನ್ನು ತಿಳಿಸಬೇಕೆಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಅಂಥ ಸುದ್ದಿಗಳು ಬಹಳ ಉಂಟು. ಹಿಮದ ಗಡ್ಡೆಗಳು ಕರಗುತ್ತಿವೆ, ಕಡಲು ಏರುತ್ತಿದೆ, ಕಾಡುಗಳು ಉರಿಯುತ್ತಿವೆ. ಲೆಕ್ಕವಿಡಲು ತೊಡಗಿದ ಮೇಲೆ 2024ರಷ್ಟು ಬಿಸಿಯಾದ ವರ್ಷ ಅದುವರೆಗೆ ಬಂದಿರಲಿಲ್ಲವೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಎಲ್ಲವನ್ನೂ ಒಂದೇ ದಿನ ಹೇಳಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ಆದ್ದರಿಂದ ನಮ್ಮ ಕಾಲ ಕೆಳಗೇ ಇರುವ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ಅದು ನೆಲದೊಳಗಿನ ನೀರು.

ಮೊದಲು ದೂರದ ಸುದ್ದಿ. 1993ರಿಂದ 2010ರವರೆಗೆ ಲೋಕದ ಜನರೆಲ್ಲ ಸೇರಿ ನೆಲದೊಳಗಿನಿಂದ ಮೇಲೆತ್ತಿ ಕಳೆದುಕೊಂಡ ನೀರು ಸುಮಾರು 2,15,000 ಕೋಟಿ ಟನ್ ಎಂದು ಅಂದಾಜು. ಈ ನೀರು ಕೊನೆಗೆ ಕಡಲನ್ನು ಸೇರಿತು. ಒಂದು ಕಡೆಯ ಭಾರ ಇನ್ನೊಂದು ಕಡೆಗೆ ಸರಿದದ್ದರಿಂದ, ಭೂಮಿ ಸುತ್ತುವ ಅಚ್ಚೇ ಸುಮಾರು 80 ಸೆಂಟಿಮೀಟರ್ ಸರಿಯಿತೆಂದು ಕೊರಿಯ ದೇಶದ ವಿಜ್ಞಾನಿಗಳೂ ಅವರ ಜೊತೆಗಾರರೂ 2023ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮಕ್ಕಳು ಆಡುವ ಬುಗುರಿಯ ಒಂದು ಪಕ್ಕಕ್ಕೆ ಚಿಟಿಕೆ ಜೇಡಿಮಣ್ಣು ಮೆತ್ತಿದರೆ ಅದು ತಿರುಗುವ ರೀತಿಯೇ ಬದಲಾಗುತ್ತದಲ್ಲವೇ? ಹಾಗೆಯೇ ಇದು. ಇದರಿಂದ ಹಗಲು ರಾತ್ರಿಗಳು ಏರುಪೇರಾಗುವುದಿಲ್ಲ, ಹೆದರಬೇಕಾಗಿಲ್ಲ. ಆದರೆ ನಮ್ಮ ಪಂಪುಗಳು ಎತ್ತುವ ನೀರು ಭೂಮಿಯ ಓಟಕ್ಕೂ ತಿಳಿಯುವಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ ನೆನಪಿಡಬೇಕು.

ನೆಲದೊಳಗಿನ ನೀರನ್ನು ಆಕಾಶದಿಂದ ಅಳೆಯುವ ಉಪಾಯವೂ ಉಂಟು. 2002ರಲ್ಲಿ ಎರಡು ಉಪಗ್ರಹಗಳನ್ನು ಒಂದರ ಹಿಂದೆ ಒಂದು ಹೋಗುವಂತೆ ಹಾರಿಸಿದರು. ಕೆಳಗಿನ ನೆಲದಲ್ಲಿ ಭಾರ ಹೆಚ್ಚು ಕಡಮೆಯಾದಂತೆ ಅವುಗಳ ನಡುವಣ ಅಂತರವೂ ಒಂದಿಷ್ಟು ಹೆಚ್ಚು ಕಡಮೆಯಾಗುತ್ತದೆ. ಅದನ್ನು ಅಳೆದು, ನೆಲದ ನೀರು ಎಷ್ಟು ಕುಗ್ಗಿತೆಂದು ಲೆಕ್ಕ ಹಾಕುತ್ತಾರೆ. ಪಂಜಾಬು, ಹರಿಯಾಣ, ರಾಜಸ್ಥಾನಗಳ ನೆಲದಿಂದ 2002ರಿಂದ 2008ರೊಳಗೆ 109 ಘನ ಕಿಲೋಮೀಟರ್ ನೀರು ಬರಿದಾಯಿತೆಂದು 2009ರಲ್ಲಿ ಗೊತ್ತಾದದ್ದು ಹೀಗೆಯೇ. 2024ರಲ್ಲಿ ಇನ್ನು ಕೆಲವು ವಿಜ್ಞಾನಿಗಳು ನಲವತ್ತಕ್ಕೂ ಹೆಚ್ಚು ದೇಶಗಳ ಸುಮಾರು 1,70,000 ಬಾವಿಗಳ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದರು. ವಿಶೇಷವಾಗಿ ಒಣ ಸೀಮೆಯಲ್ಲಿ ಬೇಸಾಯ ಹೆಚ್ಚಿರುವ ಕಡೆಗಳಲ್ಲಿ ನೀರು ಬೇಗ ಬೇಗ ಇಳಿಯುತ್ತಿರುವುದು ಕಂಡಿತು. ಆದರೆ ಅದೇ ವರದಿಯಲ್ಲಿ ಒಳ್ಳೆಯ ಮಾತೂ ಇದೆ. ಜನ ಕಟ್ಟುಪಾಡು ಮಾಡಿಕೊಂಡ ಕೆಲವು ಕಡೆಗಳಲ್ಲಿ ನೀರು ಮತ್ತೆ ಮೇಲೇರಿದೆ. ಥಾಯ್ಲೆಂಡಿನ ಬ್ಯಾಂಕಾಕ್ ಸೀಮೆ ಅಂಥದ್ದರಲ್ಲಿ ಒಂದು.

ಈಗ ನಮ್ಮ ಸೀಮೆಗೆ ಬರೋಣ. ಭೂಮಿಯ ಕೆಳಗೆ ಒಂದು ದೊಡ್ಡ ಸಮುದ್ರವಿದೆ, ಇನ್ನಷ್ಟು ಆಳಕ್ಕೆ ಕೊರೆದರೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು. ನಮ್ಮದು ಗಟ್ಟಿ ಬಂಡೆಯ ನಾಡು. ಮೇಲಿನ ಮಣ್ಣಿನಲ್ಲಿಯೂ ಅದರ ಕೆಳಗಿನ ಕೊಳೆತ ಕಲ್ಲಿನಲ್ಲಿಯೂ ನೀರು ನಿಲ್ಲುತ್ತದೆ. ಅದಕ್ಕೂ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕುಗಳು ಕಡಮೆ. ಆಳದ ನೀರು ತುಂಬ ಹಳೆಯದು. ಖರ್ಚಾದರೆ ಬೇಗ ತುಂಬುವುದಿಲ್ಲ. ಅಂಥ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಿರುವುದೂ ಉಂಟು. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ಮಿತಿ ತೀರ ಹೆಚ್ಚಾದರೆ ದೊಡ್ಡವರ ಮೂಳೆ ಬಿಗಿಯುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಅರಸೀಕೆರೆಯ ಕಡೆ ವರ್ಷಕ್ಕೆ ಹೆಚ್ಚುಕಡಮೆ 700 ಮಿಲಿಮೀಟರ್ ಮಳೆ. ಅಂದರೆ ಎಕರೆಗೆ 28 ಲಕ್ಷ ಲೀಟರ್. ಬಹಳವೆನ್ನಿಸುತ್ತದೆ. ಆದರೆ ಬಹುಪಾಲು ಹರಿದು ಹೋಗುತ್ತದೆ, ಇಲ್ಲವೆ ಆವಿಯಾಗುತ್ತದೆ. ಬಂಡೆಯ ನಾಡಿನಲ್ಲಿ ಆಳಕ್ಕೆ ಇಳಿಯುವುದು ಹತ್ತರಲ್ಲಿ ಒಂದು ಪಾಲೆಂದು ಇಟ್ಟುಕೊಳ್ಳಿ. ಎಕರೆಗೆ 2 ಲಕ್ಷ 80 ಸಾವಿರ ಲೀಟರ್ ಆಯಿತು. ಇದು ವರ್ಷದ ಜಮೆ.

ಇನ್ನು ಖರ್ಚು. ಎಕರೆಗೆ 70 ತೆಂಗಿನ ಮರ. ಮರಕ್ಕೆ ದಿನಕ್ಕೆ 50 ಲೀಟರಿನಂತೆ, ಮಳೆಯಿಲ್ಲದ ಆರು ತಿಂಗಳು ಹನಿ ನೀರಾವರಿಯಲ್ಲೇ ಕೊಟ್ಟರೂ 6 ಲಕ್ಷ 30 ಸಾವಿರ ಲೀಟರ್ ಬೇಕು. ಪಾತಿ ತುಂಬ ಹಾಯಿಸಿದರೆ ಇದಕ್ಕೂ ಹೆಚ್ಚು. ಜಮೆಯ ಎರಡರಷ್ಟಕ್ಕೂ ಮಿಕ್ಕಿ ಖರ್ಚು! ಆ ಹೆಚ್ಚಿನ ನೀರು ಎಲ್ಲಿಂದ ಬಂತು? ಪಕ್ಕದ ಹೊಲದವನ ಪಾಲಿನಿಂದ, ಇಲ್ಲವೆ ಅಜ್ಜಂದಿರ ಕಾಲದಿಂದ ಉಳಿದುಬಂದ ಗಂಟಿನಿಂದ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಅರಸೀಕೆರೆಯ ಹೆಸರು ಬಂದಿದೆ. ಕೆಲವು ವರ್ಷಗಳ ಹಿಂದಿನ ಬರಗಾಲದಲ್ಲಿ ಆ ಕಡೆ ಫಸಲಿಗೆ ಬಂದ ತೆಂಗಿನ ಮರಗಳು ಸುಳಿ ಒಣಗಿ ನಿಂತದ್ದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ನಾನು ಕಂಡ ಹಿರಿಯ ರೈತರೊಬ್ಬರು ಒಂದೇ ತೋಟದಲ್ಲಿ ಏಳು ಕೊಳವೆ ಬಾವಿ ಕೊರೆಸಿದ್ದರು. ಏಳನೆಯದರ ಸಾಲ ತೀರುವ ಮೊದಲೇ ಅದೂ ಬತ್ತಿತು. ‘ಮರ ನಮ್ಮಪ್ಪ ನೆಟ್ಟದ್ದು, ನೀರು ಕಳೆದದ್ದು ಮಾತ್ರ ನಾನು’ ಎಂದು ಅವರು ನನ್ನೊಡನೆ ಹೇಳಿದರು. ಅವರ ಮಾತಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

‘ಅದು ಬಯಲುಸೀಮೆಯ ಪಾಡು, ನಾವು ಮಲೆನಾಡಿನ ಸೆರಗಿನವರು, ನಮಗೇಕೆ ಚಿಂತೆ?’ ಎಂದು ನೀವು ಕೇಳಬಹುದು. ಸಕಲೇಶಪುರದ ಕಡೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅರಸೀಕೆರೆಯ ಕಡೆ ಅದರ ಮೂರನೆಯ ಒಂದು ಪಾಲು. ನಾವಿರುವುದು ಈ ಎರಡರ ನಡುವೆ. ನಡುವೆ ಇರುವವರಿಗೆ ಒಂದು ಅಪಾಯವುಂಟು: ಒಳ್ಳೆಯ ವರ್ಷಗಳಲ್ಲಿ ಮಲೆನಾಡಿನವರಂತೆ ಖರ್ಚು ಮಾಡುತ್ತೇವೆ, ಕೆಟ್ಟ ವರ್ಷ ಬಂದಾಗ ಬಯಲಿನವರಂತೆ ಕಷ್ಟಪಡುತ್ತೇವೆ. 2023ನ್ನು ನೆನೆಯಿರಿ. ಆ ವರ್ಷದ ಆಗಸ್ಟ್ ತಿಂಗಳು, 1901ರಿಂದೀಚೆಗೆ ನಮ್ಮ ದೇಶ ಕಂಡ ಆಗಸ್ಟ್‌ಗಳಲ್ಲೆಲ್ಲ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಮುಂದಿನ ಬೇಸಗೆಯಲ್ಲಿ ಬೆಂಗಳೂರು ನಗರದ ಸುಮಾರು 13,900 ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿದುವು. ಕಾಫಿಗೆ ಹೂಮಳೆ ತಪ್ಪಿದ ವರ್ಷ ನಾವೆಲ್ಲರೂ ಒಂದೇ ವಾರದಲ್ಲಿ ಸ್ಪ್ರಿಂಕ್ಲರ್ ಹಚ್ಚುತ್ತೇವೆ. ಶುಂಠಿಗೂ ಅದೇ ನೀರು, ಮನೆಗೂ ಅದೇ ನೀರು. ಆ ವಾರ ಬಾವಿಯ ಮಟ್ಟ ಎಷ್ಟು ಇಳಿಯಿತೆಂದು ಊರಿನಲ್ಲಿ ಯಾರಾದರೂ ಬರೆದಿಟ್ಟಿದ್ದೀರಾ?

ನಮ್ಮ ಹಿರಿಯರಿಗೆ ಉಪಗ್ರಹವಿರಲಿಲ್ಲ, ಆದರೆ ಜಮೆಯ ಬುದ್ಧಿ ಇತ್ತು. ಅರಸೀಕೆರೆ ಎಂದರೆ ಅರಸಿಯ ಕೆರೆ. ನಮ್ಮ ತಾಲ್ಲೂಕಿನ ಹಳೇಬೀಡು ಹೊಯ್ಸಳರ ಕಾಲದಲ್ಲಿ ದೋರಸಮುದ್ರ. ಊರಿಗೆ ಹೆಸರು ಬಂದದ್ದು ಕೆರೆಯಿಂದಲೇ. ಅಲ್ಲಿಯ ಗುಡಿಯೂ ಬೇಲೂರಿನ ಗುಡಿಯೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದುವು. ನಾವು ಹೆಮ್ಮೆಪಟ್ಟೆವು, ಸರಿಯೇ. ಆದರೆ ಕೆರೆಯಿಲ್ಲದೆ ಆ ರಾಜಧಾನಿಯೂ ಇಲ್ಲ, ಗುಡಿಯೂ ಇಲ್ಲ. ಕೆರೆ ಕಟ್ಟಿದವನಿಗೂ ಅದನ್ನು ಕಾಪಾಡುವವನಿಗೂ ಭೂಮಿ ಬಿಟ್ಟ ಸಂಗತಿ ಹಳೆಯ ಶಾಸನಗಳಲ್ಲಿದೆ. ಹೂಳು ಹೊರುವ ಬಂಡಿಯ ಖರ್ಚಿಗೂ ದತ್ತಿ ಬಿಡುತ್ತಿದ್ದರು. ಕೆರೆ ಕಟ್ಟಿದರೆ ಸಾಲದು, ವರ್ಷ ವರ್ಷವೂ ಹೂಳೆತ್ತಬೇಕೆಂಬುದನ್ನು ಅವರು ಕಲ್ಲಿನ ಮೇಲೆ ಬರೆಸಿದರು. ತೂಬು ನೋಡುವ ನೀರಗಂಟಿ ಇದ್ದ. ಕೊಳವೆ ಬಾವಿ ಬಂದ ಮೇಲೆ ಕೆರೆ ಎಲ್ಲರದೂ ಆಗಿ, ಯಾರದೂ ಅಲ್ಲದಂತಾಯಿತು.

‘ಕಾಲುವೆಯ ನೀರು ಬರುತ್ತದಲ್ಲ?’ ಎಂಬ ಮಾತೂ ಇದೆ. ಯಗಚಿಯ ಜಲಾಶಯ ನಮ್ಮ ಹತ್ತಿರವೇ ಇದೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಅದರಿಂದ 24 ಟಿ.ಎಂ.ಸಿ. ನೀರು ದೊರೆಯುವುದೆಂದು ಸರ್ಕಾರದ ಅಂದಾಜು. ಅಷ್ಟು ದೊರೆಯದು, ಹತ್ತು ಟಿ.ಎಂ.ಸಿ.ಯೂ ಆಗದು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಹೇಳಿದ್ದರು. ಯಾರ ಲೆಕ್ಕ ಸರಿಯೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಕಾಲುವೆ ಬಂದರೆ ಸಂತೋಷ. ಆದರೆ ಹೂಳು ತುಂಬಿದ ಕೆರೆಗೆ ಕಾಲುವೆಯ ನೀರು ಬಂದರೂ ಅದು ನಿಲ್ಲುವುದೆಲ್ಲಿ? ತೂತು ಕೊಡಕ್ಕೆ ಎಷ್ಟು ನೀರು ಹೊಯ್ದರೂ ಅಷ್ಟೇ.

ಇನ್ನೊಂದು ಕಷ್ಟದ ಪ್ರಶ್ನೆಯುಂಟು. ‘ನಾನೊಬ್ಬ ಮೋಟಾರು ನಿಲ್ಲಿಸಿದರೆ ಪಕ್ಕದವನು ಎಳೆದುಕೊಳ್ಳುತ್ತಾನಲ್ಲ?’ ನಿಜ. ನೆಲದ ಮೇಲೆ ಬೇಲಿ ಹಾಕಬಹುದು, ನೀರಿಗೆ ಬೇಲಿಯಿಲ್ಲ. ಅದಕ್ಕಾಗಿಯೇ ಇದು ಒಬ್ಬರಿಂದ ಆಗುವ ಕೆಲಸವಲ್ಲ. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿಯಲ್ಲಿ ನಮಗಿಂತ ಬಹಳ ಕಡಮೆ ಮಳೆ. ಬರಗಾಲಕ್ಕೆ ಊರು ಬಿಟ್ಟು ಹೋಗುತ್ತಿದ್ದ ಜನ, ಸರಪಂಚರಾದ ಪೋಪಟರಾವ್ ಪವಾರರ ಮುಂದಾಳುತನದಲ್ಲಿ 1990ರ ನಂತರದ ವರ್ಷಗಳಲ್ಲಿ ಗುಡ್ಡದ ಇಳಿಜಾರಿಗೆ ಬದು ಹಾಕಿದರು. ಬೇಸಾಯಕ್ಕೆ ಕೊಳವೆ ಬಾವಿ ಕೊರೆಯಬಾರದೆಂದು ಗ್ರಾಮಸಭೆಯಲ್ಲಿ ಕಟ್ಟು ಮಾಡಿದರು. ವರ್ಷವರ್ಷವೂ ಬಿದ್ದ ಮಳೆಯ ಲೆಕ್ಕ ನೋಡಿ ಯಾವ ಬೆಳೆ ಎಷ್ಟೆಂದು ನಿಶ್ಚಯಿಸಿದರು. ಊರು ಬಿಟ್ಟವರಲ್ಲಿ ಹಲವು ಸಂಸಾರಗಳು ಹಿಂದಿರುಗಿದುವು. ಪವಾರರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ಅವರ ಕಟ್ಟನ್ನೇ ನಾವು ನಕಲು ಮಾಡಬೇಕೆಂದು ನಾನು ಹೇಳುವುದಿಲ್ಲ. ಊರಿನ ನೀರಿನ ಲೆಕ್ಕ ಎಲ್ಲರ ಕಣ್ಣ ಮುಂದಿದ್ದರೆ ಒಪ್ಪಂದ ಸುಲಭವಾಗುತ್ತದೆ ಎಂಬುದಷ್ಟೇ ನನ್ನ ಮಾತು.

ಆದ್ದರಿಂದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದನೆಯದು, ಅಳತೆ. ಊರಿನ ತೆರೆದ ಬಾವಿಯೊಂದನ್ನು ಆರಿಸಿ, ಪ್ರತಿ ತಿಂಗಳ ಒಂದನೆಯ ತಾರೀಖು ಬೆಳಿಗ್ಗೆ ಮೋಟಾರು ಹಾಕುವ ಮೊದಲು, ಕಟ್ಟೆಯಿಂದ ನೀರಿನವರೆಗೆ ಹಗ್ಗ ಇಳಿಬಿಟ್ಟು ಅಳೆಯಿರಿ. ಶಾಲೆಯ ಮಕ್ಕಳೂ ಮಾಡಬಲ್ಲರು. ಅಳತೆಯನ್ನು ಪಂಚಾಯತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿರಿ. ಆ 1,70,000 ಬಾವಿಗಳ ವರದಿಯೂ ಇಂಥ ಅಳತೆಗಳಿಂದಲೇ ಆದದ್ದು.

ಎರಡನೆಯದು, ಕೆರೆ. ಹೂಳೆತ್ತುವ ಮೊದಲು ಕೆರೆಗೆ ನೀರು ತರುವ ಹಳ್ಳಗಳನ್ನು ಬಿಡಿಸಬೇಕು. ದಾರಿಯೇ ಮುಚ್ಚಿದ್ದರೆ ಆಳ ಮಾಡಿ ಫಲವಿಲ್ಲ. ಏರಿಯ ಬುಡವನ್ನು ಕೆದಕಬಾರದು. ಏರಿಯಿಂದ ಸಾಕಷ್ಟು ದೂರ ಬಿಟ್ಟು, ತಟ್ಟೆಯಂತೆ ಇಳಿಜಾರಾಗಿ ಅಗೆಯಬೇಕು. ಹೂಳನ್ನು ಹೊಲಕ್ಕೆ ಹಾಕಬಹುದು, ಆದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಉಪ್ಪಿನ ಅಂಶ ನೋಡಿಕೊಳ್ಳಿ.

ಮೂರನೆಯದು, ತೋಟ. ಕಾಫಿ ತೋಟದ ಇಳಿಜಾರಿನಲ್ಲಿ ಅಡ್ಡಲಾಗಿ ತೊಟ್ಟಿಲು ಗುಂಡಿ ತೆಗೆಯುವುದು ನಮ್ಮವರಿಗೆ ಹೊಸದಲ್ಲ. ಮುಂಗಾರಿಗೆ ಮೊದಲು ಗುಂಡಿಗಳ ಮಣ್ಣು ತೆಗೆದು ಸಜ್ಜಾಗಿಡಿ. ತೆಂಗಿನ ಸಾಲುಗಳ ನಡುವೆ ಕಾಲುವೆ ತೋಡಿ ತೆಂಗಿನ ಮಟ್ಟೆಗಳನ್ನು ಒಳಮುಖ ಮೇಲಕ್ಕಿರುವಂತೆ ಜೋಡಿಸಿ ಮಣ್ಣು ಮುಚ್ಚಿದರೆ ಅವು ಮಳೆಯ ನೀರನ್ನು ಹೀರಿ ಹಿಡಿದಿಡುತ್ತವೆ. ಪಾತಿಗೆ ತರಗೆಲೆಯ ಹೊದಿಕೆ ಹಾಕಿ.

ನಾಲ್ಕನೆಯದು, ಬತ್ತಿದ ಕೊಳವೆ ಬಾವಿ. ಅದರ ಬಾಯಿಯನ್ನು ಭದ್ರವಾಗಿ ಮುಚ್ಚಿಸಿ. ಅದು ಮಕ್ಕಳ ಜೀವದ ಪ್ರಶ್ನೆ. ಅದರೊಳಕ್ಕೆ ಮಳೆಯ ನೀರು ಇಂಗಿಸುವುದಾದರೆ ದಪ್ಪ ಕಲ್ಲು, ಜಲ್ಲಿ, ಮರಳುಗಳ ಸೋಸುಗುಂಡಿ ಇಲ್ಲದೆ ನೀರು ಬಿಡಬೇಡಿ. ಗೊಬ್ಬರ, ಔಷಧಿ ಬೆರೆತ ನೀರನ್ನಂತೂ ಬಿಡಲೇಬಾರದು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಕಾಗಿಲ್ಲ. ಮೊದಲನೆಯದಕ್ಕೆ ಒಂದು ಹಗ್ಗವೂ ಒಂದು ಸೀಮೆಸುಣ್ಣವೂ ಸಾಕು. ಮನೆಯ ಯಜಮಾನ ಕಣಜದಲ್ಲಿ ಎಷ್ಟು ಕಾಳಿದೆ ಎಂದು ನೋಡದೆ ಮದುವೆಗೆ ದಿನ ಗೊತ್ತುಮಾಡುವುದಿಲ್ಲ. ನೀರಿನ ವಿಷಯದಲ್ಲಿ ಮಾತ್ರ ನಾವು ಕಣಜವನ್ನು ನೋಡದೆಯೇ ಬೀಗರನ್ನು ಕರೆಯುತ್ತಿದ್ದೇವೆ.

ಬರುವ ತಿಂಗಳ ಒಂದನೆಯ ತಾರೀಖು ಬೆಳಿಗ್ಗೆ ಆರು ಗಂಟೆಗೆ ನಾನು ಹಗ್ಗ ಹಿಡಿದು ಬಾವಿಯ ಕಟ್ಟೆಯ ಬಳಿ ಇರುತ್ತೇನೆ. ನಿಮ್ಮಲ್ಲಿ ನಾಲ್ಕು ಜನ ಬಂದರೆ ಸಾಕು, ಗೋಡೆಯ ಮೇಲಿನ ಮೊದಲ ಅಂಕಿಯನ್ನು ಒಟ್ಟಿಗೆ ಬರೆಯೋಣ. ಮುಂದಿನ ವರ್ಷ ಇದೇ ದಿನ ಆ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಇರಲಿ. ಯಾವುದು ದೊಡ್ಡದೆಂದು ನೋಡಿ ಆಗ ಮತ್ತೆ ಮಾತನಾಡೋಣ.