ಕೇಳಿಸಿಕೊಳ್ಳುವವನೇ ನಾಯಕ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯ ಭಾಷಣ)



ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ನಾಯಕತ್ವದ ಬಗ್ಗೆ ನಾಲ್ಕು ಮಾತು ಹೇಳು ಎಂದು ಹೆಡ್‌ಮಾಸ್ತರರು ಹೇಳಿದ್ದಾರೆ. ಕಂಪನಿಗಳಲ್ಲಿ ಇದಕ್ಕೆ ದೊಡ್ಡ ದೊಡ್ಡ ತರಬೇತಿ ಕೊಡುತ್ತಾರೆ. ಆದರೆ ಅದರ ಮೂಲಪಾಠ ಇಲ್ಲೇ ಪಕ್ಕದ ಕಲ್ಯಾಣದಲ್ಲಿದೆ.

12ನೇ ಶತಮಾನದ ಅನುಭವ ಮಂಟಪವನ್ನು ನೆನೆಯೋಣ. ಬಸವಣ್ಣನವರು ಬಿಜ್ಜಳನ ಭಂಡಾರಿ. ಅಧಿಕಾರ ಅವರ ಕೈಯಲ್ಲಿತ್ತು. ಆದರೂ ಶೂನ್ಯಸಿಂಹಾಸನದ ಮೇಲೆ ತಾವು ಕೂಡಲಿಲ್ಲ, ಅಲ್ಲಮಪ್ರಭುಗಳನ್ನು ಕೂಡಿಸಿದರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಎಲ್ಲರೂ ಅಲ್ಲಿ ಬಾಯಿಬಿಟ್ಟು ಮಾತಾಡಿದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬಸವಣ್ಣನವರ ಅಂಗಳದಿಂದ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದ ಕಥೆ ನಿಮಗೆಲ್ಲ ಗೊತ್ತು. ಮಂತ್ರಿಯ ಮನೆಯ ಅಕ್ಕಿ ಬೇಡ ಎಂದ ಬಡವಿಯನ್ನು ಯಾರೂ ಬೈಯಲಿಲ್ಲ. ಅವಳನ್ನು ಇಂದಿಗೂ ಶರಣೆ ಎಂದು ಗೌರವಿಸುತ್ತೇವೆ. ಕೆಳಗಿರುವವರು ಅಂಜದೆ ಮಾತಾಡುವಂತೆ ಮಾಡುವುದೇ ನಾಯಕತ್ವ.

ಇದಕ್ಕೆ ಈ ಕಾಲದ ಪುರಾವೆಯೂ ಇದೆ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಎಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಅಲ್ಲಿ ತಪ್ಪು ಹೆಚ್ಚು ನಡೆದದ್ದಲ್ಲ, ಮುಚ್ಚಿಡದೆ ಹೇಳುತ್ತಿದ್ದರು. ಉಳಿದ ಕಡೆ ಅಂಜಿಕೆಯಿಂದ ಬಚ್ಚಿಡುತ್ತಿದ್ದರು ಎಂದು ಅವರು ಕಂಡುಕೊಂಡರು.

ನಾನು ಮೊದಲು ಕೆಲಸ ಮಾಡಿದ ಕಡೆ ಇದನ್ನು ಕಣ್ಣಾರೆ ಕಂಡೆ. ಅಲ್ಲಿಯ ಮ್ಯಾನೇಜರ್ ಎಲ್ಲರ ಮುಂದೆ ಕೂಗಾಡುವವರು. ಹೊಸದಾಗಿ ಸೇರಿದ ಹುಡುಗನಿಗೆ ಪ್ರೋಗ್ರಾಮಿನಲ್ಲಿ ದೋಷವಿರುವುದು ಸಂಜೆಯೇ ಗೊತ್ತಾಗಿತ್ತು. ಅಂಜಿ ಸುಮ್ಮನಿದ್ದ. ಮರುದಿನ ಎಂಟು ಮಂದಿ ಇಡೀ ದಿನ ಹುಡುಕಿದೆವು. ಸಂಜೆಯೇ ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಈಗ ನಮ್ಮ ತಂಡದಲ್ಲಿ 'ಯಾರು ಮಾಡಿದರು' ಎಂದು ಕೇಳುವುದಿಲ್ಲ, 'ಹೇಗಾಯಿತು' ಎಂದು ಕೇಳುತ್ತೇವೆ. ಹಾಗೆಂದು ಮೈಗಳ್ಳತನಕ್ಕೂ ಮೋಸಕ್ಕೂ ಮಾಫಿಯಿಲ್ಲ. ತಪ್ಪು ಬೇರೆ, ಮೋಸ ಬೇರೆ. ಇವೆರಡರ ವ್ಯತ್ಯಾಸ ತಿಳಿದವನನ್ನೇ ಜನ ನಂಬುತ್ತಾರೆ.

ಇದು ಆಫೀಸಿನ ಮಾತು ಮಾತ್ರವಲ್ಲ. ಹುಮನಾಬಾದ್ ಕಡೆಯ ಕಬ್ಬಿನ ಹೊಲಗಳನ್ನೇ ನೋಡಿ. ತೂಕದ ಚೀಟಿ ಎಲ್ಲರ ಮುಂದೆ ಓದಿ, ಮುಂಗಡ ಎಷ್ಟು, ಕೂಲಿ ಎಷ್ಟು ಎಂದು ಬಿಡಿಸಿ ಹೇಳುವ ಮುಕಾದಮನ ಜೊತೆ ಟೋಳಿ ಮರುವರ್ಷವೂ ಹೋಗುತ್ತದೆ. ಲೆಕ್ಕ ಮುಚ್ಚಿಟ್ಟವನಿಗೆ ಆಳು ಸಿಗುವುದಿಲ್ಲ. ಮಹಿಳಾ ಸ್ವಸಹಾಯ ಸಂಘಕ್ಕೂ, ನಮ್ಮ ಎಸ್‌ಡಿಎಂಸಿಗೂ ಇದೇ ಮಾತು ಸಲ್ಲುತ್ತದೆ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಯಾರೋ ಪಂಚಾಯಿತಿ ಸದಸ್ಯರಾಗುತ್ತೀರಿ, ಯಾರೋ ಪೊಲೀಸ್ ಅಧಿಕಾರಿ, ಯಾರೋ ಮಾಸ್ತರು. ಮೂರು ಮಾತು ನೆನಪಿಡಿ. ಸಭೆಯಲ್ಲಿ ಚಿಕ್ಕವರಿಗೆ ಮೊದಲು ಮಾತಾಡಲು ಬಿಡಿ, ನೀವು ಕಡೆಗೆ ಮಾತಾಡಿ. ಹೊಗಳುವುದನ್ನು ನಾಲ್ಕು ಜನರ ಮುಂದೆ ಹೊಗಳಿ, ತಿದ್ದುವುದನ್ನು ಒಬ್ಬರನ್ನೇ ಕರೆದು ತಿದ್ದಿ. ಕೊಟ್ಟ ಮಾತು, ಚಿಕ್ಕದಾದರೂ, ನಡೆಸಿ.

ನಮ್ಮ ಗಣಿತದ ಸರ್ ಬೋರ್ಡಿನ ಮೇಲೆ ಬೇಕಂತಲೇ ತಪ್ಪು ಲೆಕ್ಕ ಬರೆದು, ಅದನ್ನು ಹಿಡಿದವರಿಗೆ ಶಭಾಷ್ ಎನ್ನುತ್ತಿದ್ದರು. ದೊಡ್ಡವರ ತಪ್ಪನ್ನೂ ವಿನಯದಿಂದ ಹೇಳಬಹುದು ಎಂಬ ಧೈರ್ಯ ನಮಗೆ ಬಂದದ್ದು ಹಾಗೆ. ಆ ಧೈರ್ಯ ಈ ಶಾಲೆಯ ಪ್ರತಿ ಮಗುವಿಗೂ ಸಿಗಲಿ.