ಮೆಳ್ಳೆಗಣ್ಣು ಅದೃಷ್ಟವಲ್ಲ

(ಪ್ರೌಢಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನಾ ಭಾಷಣ)



 ಈ ಪ್ರದರ್ಶನದ ಒಳಗಿರುವ ಜಲಚಕ್ರ, ಜ್ವಾಲಾಮುಖಿ, ಸೌರಮಂಡಲಗಳ ವಿಷಯವನ್ನು ತಿಳಿಯಹೇಳಲು ಅವುಗಳನ್ನು ಕಟ್ಟಿದ ಮಕ್ಕಳೇ ಸಮರ್ಥರು. ನಲವತ್ತು ವರ್ಷ ಕಣ್ಣಿನ ವೈದ್ಯನಾಗಿ ದುಡಿದ ನಾನು ಕಣ್ಣಿನ ಮಾತನ್ನೇ ಆಡುತ್ತೇನೆ.

ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ತನ್ನ ಮೇಜಿನ ಮೇಲೆ ಕೈಗನ್ನಡಿಯೊಂದನ್ನು ಇಟ್ಟಿದ್ದಾಳೆ. ಅದರಲ್ಲಿ ನಿಮ್ಮ ಎಡಗಣ್ಣನ್ನೊಮ್ಮೆ, ಬಲಗಣ್ಣನ್ನೊಮ್ಮೆ ನೋಡಿರಿ: ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುವ ನಿಮ್ಮ ಕಣ್ಣಿನ ಹೊರಳು ನಿಮಗೆ ಮಾತ್ರ ಕಾಣದು. ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು ಅಗಲವನ್ನು ಮಾತ್ರವೇ ನಿಚ್ಚಳವಾಗಿ ಕಾಣಬಲ್ಲ ನಮ್ಮ ಕಣ್ಣು, ಸೆಕೆಂಡಿಗೆ ಸುಮಾರು 3 ಸಲ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತ ಲೋಕವನ್ನು ಸಂಗ್ರಹಿಸುತ್ತದೆ. ಆ ನೆಗೆತದ ಮಸುಕು ನಮ್ಮ ಅರಿವಿಗೆ ಬಾರದಂತೆ ಮೆದುಳು ಅದನ್ನು ಅಡಗಿಸುತ್ತದೆ. ಒಂದೊಂದು ಕಣ್ಣಿಗೂ 6 ಸ್ನಾಯುಗಳುಂಟು. ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಎರಡು ಕಣ್ಣುಗಳೂ ಕೂಡಿ ನಡೆಯಬೇಕು. ಎಳೆಯ ಮಗುವಿನಲ್ಲಿ ಒಂದು ಕಣ್ಣು ದಾರಿ ತಪ್ಪಿತೆಂದರೆ, ಒಂದಕ್ಕೊಂದು ಹೊಂದದ ಎರಡು ಚಿತ್ರಗಳನ್ನು ತಾಳಲಾರದೆ ಮೆದುಳು ಒಂದನ್ನು ತಳ್ಳಿಹಾಕುತ್ತದೆ. ಹಾಗೆ ತಳ್ಳಲ್ಪಟ್ಟ ಕಣ್ಣು ಕ್ರಮೇಣ ಸೋಮಾರಿ ಕಣ್ಣಾಗುತ್ತದೆ.

ಇದರ ಮರ್ಮವನ್ನು ತೋರಿಸಿಕೊಟ್ಟವರಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಅಗ್ರಗಣ್ಯರು. 1958ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ, ಬೆಕ್ಕಿನ ಮೆದುಳಿನ ಒಂದು ನರಕೋಶದ ಸದ್ದಿಗೆ ಕಿವಿಗೊಟ್ಟು, ಗಾಜಿನ ಪಟ್ಟಿಗಳ ಮೇಲಿನ ಚುಕ್ಕೆಗಳನ್ನು ಗಂಟೆಗಟ್ಟಲೆ ತೋರಿಸಿದರೂ ಆ ಕೋಶ ಮಿಸುಕಲಿಲ್ಲ. ಪಟ್ಟಿಯನ್ನು ಬದಲಿಸುವಾಗ ಅದರ ಅಂಚಿನ ನೆರಳು ಗೆರೆಯಾಗಿ ಸರಿದೊಡನೆ ಅದು ಪಟಪಟನೆ ಮಿಡಿಯಿತು. ಮೆದುಳಿಗೆ ಬೇಕಾದುದು ಚುಕ್ಕೆಯಲ್ಲ, ಗೆರೆ ಎಂಬುದು ಹೀಗೆ ತಿಳಿಯಿತು. ಮುಂದೆ, 1963ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅವರು ಮರಿಬೆಕ್ಕಿನ ಒಂದು ರೆಪ್ಪೆಯನ್ನು ಕೆಲವು ತಿಂಗಳು ಮುಚ್ಚಿ ಹೊಲಿದು ಆಮೇಲೆ ಬಿಚ್ಚಿದಾಗ, ಕಣ್ಣು ನೆಟ್ಟಗಿದ್ದರೂ ಮೆದುಳಿನ ಕೋಶಗಳು ಅದಕ್ಕೆ ಬಹುಮಟ್ಟಿಗೆ ಓಗೊಡದೆ ಹೋದವು. ಬೆಳೆದ ಬೆಕ್ಕಿಗೆ ಅದರಿಂದ ಬಾಧೆಯಾಗಲಿಲ್ಲ. ಎಳವೆಯಲ್ಲೊಂದು ಕಾಲವುಂಟು, ಆಗ ಕಲಿಯದ ನೋಟವನ್ನು ಮುಂದೆ ಕಲಿಯುವುದು ಬಲು ಕಷ್ಟವೆಂದು ಸ್ಪಷ್ಟವಾಯಿತು. ಅವರಿಬ್ಬರಿಗೂ 1981ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಈ ಸಂಗತಿಯನ್ನು ಓದಿದಾಗಲೆಲ್ಲ ನನಗೆ ನನ್ನ ತಂಗಿಯ ನೆನಪಾಗುತ್ತದೆ. ಮೂರನೆಯ ವಯಸ್ಸಿಗೆ ಅವಳ ಎಡಗಣ್ಣು ಮೂಗಿನ ಕಡೆಗೆ ವಾಲತೊಡಗಿತು. "ಮೆಳ್ಳೆಗಣ್ಣು ಅದೃಷ್ಟದ ಕಣ್ಣು, ಮುಟ್ಟಬೇಡಿರೋ" ಎಂದು ಅಜ್ಜಿ ಹೇಳಿದರು. ಮನೆಯವರೆಲ್ಲ ಪ್ರೀತಿಯಿಂದಲೇ ಅದನ್ನು ನಂಬಿದರು. ನಾನು ವೈದ್ಯ ವಿದ್ಯಾರ್ಥಿಯಾಗಿ ರಜಕ್ಕೆ ಊರಿಗೆ ಬಂದಾಗ, ಸೂಜಿಗೆ ದಾರ ಪೋಣಿಸುತ್ತಿದ್ದ ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ. "ಅಣ್ಣಾ, ಸೂಜಿ ಎಲ್ಲಿ ಹೋಯಿತು?" ಎಂದಳು. ಸೂಜಿ ಅವಳ ಬೆರಳುಗಳ ನಡುವೆಯೇ ಇತ್ತು. ಆಗ ಅವಳಿಗೆ ಹದಿನಾರು ವರ್ಷ. ನಾನು ಕಲಿತ ಯಾವ ವಿದ್ಯೆಯೂ ಆ ಕಣ್ಣಿಗೆ ಒದಗಲಿಲ್ಲ. ಮೂರು ನಾಲ್ಕನೆಯ ವಯಸ್ಸಿನಲ್ಲಾಗಿದ್ದರೆ, ತಕ್ಕ ಕನ್ನಡಕವನ್ನು ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ, ಸೋತ ಕಣ್ಣನ್ನು ಕೆಲಸಕ್ಕೆ ಹಚ್ಚಿದ್ದರೆ, ಬಹುಶಃ ಅದು ಉಳಿಯುತ್ತಿತ್ತು.

ಆದುದರಿಂದ, ತಾಯ್ತಂದೆಗಳೆ, ಉಪಾಧ್ಯಾಯರೆ, ತಮ್ಮಲ್ಲಿ ನನ್ನದೊಂದು ವಿಜ್ಞಾಪನೆ. ಮನೆಯ ಮಗುವಿನ ಒಂದೊಂದೇ ಕಣ್ಣನ್ನು ಆಟವಾಡಿಸುತ್ತ ಮುಚ್ಚಿ ನೋಡಿರಿ. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದಾಗ ಅಳುವ, ಕೈ ತಳ್ಳುವ ಮಗುವನ್ನು ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಣ್ಣು ನೆಟ್ಟಗೆ ಕಂಡರೂ ಒಂದು ಕಣ್ಣಿನ ದೃಷ್ಟಿದೋಷ ಗುಟ್ಟಾಗಿ ಉಳಿದಿರಬಹುದಾದುದರಿಂದ, ಒಂದನೆಯ ತರಗತಿಗೆ ಸೇರಿಸುವ ಮೊದಲೇ ಪ್ರತಿಯೊಂದು ಮಗುವಿನ ಎರಡು ಕಣ್ಣುಗಳನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿರಿ. ಏಳು ವರ್ಷದೊಳಗೆ ಚಿಕಿತ್ಸೆಗೆ ಫಲ ಹೆಚ್ಚು. ಆಮೇಲೆ ವರ್ಷ ವರ್ಷಕ್ಕೂ ಅದು ಕುಗ್ಗುತ್ತದೆ.

ಪ್ರದರ್ಶನವು ಉದ್ಘಾಟಿತವಾಯಿತೆಂದು ಸಂತೋಷದಿಂದ ಸಾರುತ್ತೇನೆ. ಮೊದಲು ಆ ಕನ್ನಡಿಯ ಮೇಜಿಗೆ ಹೋಗಿರಿ. ಜೊತೆಯಲ್ಲಿ ಮನೆಯ ಚಿಕ್ಕ ಮಗುವನ್ನೂ ಕರೆದುಕೊಂಡು ಹೋಗಿರಿ.