ಜೇನ್ನೊಣಕ್ಕೆ ಗಡಿಯಿಲ್ಲ

(ಸಂಪಾಜೆಯಲ್ಲಿ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಂಪಾಜೆ ಎಂಬ ಹೆಸರಿನ ಗ್ರಾಮ ಪಂಚಾಯತುಗಳು ಎರಡಿವೆ. ಒಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿಗೆ ಸೇರಿದ್ದು, ಇನ್ನೊಂದು ಕೊಡಗಿನದು. ಕಂದಾಯ ದಾಖಲೆಯ ಈ ಗಡಿಯನ್ನು ತುಡುವೆ ಜೇನು ಅರಿಯದು. ಪೆಟ್ಟಿಗೆಯಿಂದ ಹೊರಟ ನೊಣ ಆಹಾರ ಅರಸಿ ಒಂದು, ಒಂದೂವರೆ ಕಿಲೋಮೀಟರು ಹಾರುತ್ತದೆ. ಅಷ್ಟರೊಳಗೆ ಎಷ್ಟು ಮಂದಿಯ ತೋಟಗಳಿವೆ, ಎಲ್ಲಿ ಯಾವ ದಿನ ಯಾವ 'ಮದ್ದು' ಬಿಡಲಾಗುತ್ತದೆ ಎಂಬುದು ಪೆಟ್ಟಿಗೆಯ ಒಡೆಯನಿಗೆ ತಿಳಿದಿರುವುದಿಲ್ಲ. ವಿಷಕ್ಕೆ ಮದ್ದು ಎಂಬ ಹೆಸರು ಅಂಟಿಕೊಂಡದ್ದೇ ಒಂದು ದುರಂತ. ಜೇನಿನ ಸಾವು ಒಬ್ಬ ಕೃಷಿಕನ ತೋಟದೊಳಗಿನ ವಿಷಯವಲ್ಲ. ಅದು ನೆರೆಹೊರೆಯ ವಿಷಯ.

ಕಾಸರಗೋಡಿನ ಪಡ್ರೆಯ ಕಥೆ ಈ ಭಾಗದವರಿಗೆ ಹೊಸತಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಟೀ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲುವುದು ಉದ್ದೇಶ. ಮನುಷ್ಯರ ಕಾಯಿಲೆಗಳು ಲೆಕ್ಕಕ್ಕೆ ಬರುವ ಮೊದಲೇ ಜೇನು, ಮೀನು, ಕಪ್ಪೆಗಳು ಕಡಿಮೆಯಾದುದನ್ನು ಊರವರು ಕಂಡಿದ್ದರು. ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಈ ಕುರಿತು ಬರೆದರು, ವೈದ್ಯ ಡಾ. ಮೋಹನ ಕುಮಾರ್ ಅವರು ರೋಗಿಗಳಲ್ಲಿ ಕಂಡುದನ್ನು ಮುಂದಿಟ್ಟರು. ಇತ್ತ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಗಳೂ ಅದೇ ವಿಷದ ಫಲವನ್ನು ಉಂಡವು. ಕರ್ನಾಟಕದಲ್ಲಿ ನಿಷೇಧ ಬಂದದ್ದು 2011ರ ಫೆಬ್ರವರಿಯಲ್ಲಿ; ಅದೇ ವರ್ಷ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶ ಇಡೀ ದೇಶಕ್ಕೆ ಅನ್ವಯಿಸಿತು.

ಇಲ್ಲಿ ಒಂದು ಮಾತು ಗಮನಾರ್ಹ. ಕೃಷಿ ಪಠ್ಯಗಳಲ್ಲಿ ಎಂಡೋಸಲ್ಫಾನ್ ಜೇನಿಗೆ 'ಮಧ್ಯಮ' ಅಪಾಯದ ಗುಂಪಿನಲ್ಲಿತ್ತು. ಇತರ ಕೀಟನಾಶಕಗಳಿಗಿಂತ ವಾಸಿ ಎಂದು ಹೂ ಬಿಟ್ಟ ಬೆಳೆಗೂ ಅದನ್ನು ಸೂಚಿಸಿದ್ದುಂಟು. ಆದುದರಿಂದ 'ಇದು ಅಷ್ಟೇನೂ ಕಠಿಣವಲ್ಲ' ಎಂಬ ಅಂಗಡಿಯ ಭರವಸೆಯನ್ನು ನಂಬಿ ಕುಳಿತುಕೊಳ್ಳುವಂತಿಲ್ಲ.

ಹಾಗೆಂದು ಪೆಟ್ಟಿಗೆ ಖಾಲಿಯಾದಾಗಲೆಲ್ಲ ನೆರೆಯವನ ಸಿಂಪಡಣೆಯನ್ನು ದೂರುವುದೂ ನ್ಯಾಯವಲ್ಲ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ನಾಶ ಮಾಡಿದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ಇವೆರಡರ ಲಕ್ಷಣಗಳು ಬೇರೆ ಬೇರೆ. ವೈರಸ್ ತಗಲಿದರೆ ಸಾಯುವುದು ಮರಿಹುಳ. ಎರಿಯ ಕೋಣೆಯೊಳಗೆ ಅದು ನೀರು ತುಂಬಿದ ಚೀಲದಂತಾಗುತ್ತದೆ. ಕೀಟನಾಶಕ ತಗಲಿದರೆ ಸಾಯುವುದು ಬೆಳೆದ ನೊಣ. ಪೆಟ್ಟಿಗೆಯ ಬಾಗಿಲಲ್ಲಿ ನೊಣಗಳು ನಡುಗುತ್ತ ತೆವಳುತ್ತವೆ, ಅನೇಕವು ನಾಲಗೆ ಚಾಚಿ ಸತ್ತು ಬಿದ್ದಿರುತ್ತವೆ. ಇಮಿಡಾಕ್ಲೊಪ್ರಿಡ್‌ನಂಥ ಅಂತರ್ವ್ಯಾಪಿ ವಿಷದಲ್ಲಿ ಈ ಕುರುಹೂ ಸಿಗದೆ ಹೋಗಬಹುದು. ಅಲ್ಪ ಪ್ರಮಾಣ ಸೇವಿಸಿದ ನೊಣ ದಾರಿ ತಪ್ಪಿ ಗೂಡಿಗೆ ಮರಳುವುದೇ ಇಲ್ಲ. ಐರೋಪ್ಯ ಒಕ್ಕೂಟವು ಇದನ್ನೂ ಇದೇ ವರ್ಗದ ಇನ್ನೆರಡನ್ನೂ ಬಯಲು ಬೆಳೆಗೆ ಬಳಸದಂತೆ 2018ರಲ್ಲಿ ತಡೆಯಿತು.

ಈಗ ಸಂಪಾಜೆ, ಅರಂತೋಡಿನ ಸ್ಥಿತಿ. ಹಳದಿ ಎಲೆ ರೋಗದಿಂದ ಅಡಿಕೆ ಸೋತ ಈ ಭಾಗದಲ್ಲಿ ರಬ್ಬರು ಹಬ್ಬಿದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ರಬ್ಬರು ಚಿಗುರುವಾಗ ಎಲೆತೊಟ್ಟಿನ ತುದಿಯಲ್ಲಿ ಮಧು ಒಸರುತ್ತದೆ. ಹೂವಿನಿಂದಲ್ಲ, ಚಿಗುರಿನಿಂದ ಬರುವ ಈ ಜೇನು ಅನೇಕ ಮನೆಗಳಿಗೆ ಆಧಾರ. ಅಡಿಕೆಯ ಕೊಳೆರೋಗಕ್ಕೆ ಬಳಸುವ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣದಿಂದ ಜೇನ್ನೊಣಕ್ಕೆ ತಕ್ಷಣದ ಅಪಾಯ ಕಡಿಮೆ. ಭಯ ಇರುವುದು 'ಇದೂ ಇರಲಿ' ಎಂದು ಡ್ರಮ್ಮಿಗೆ ಸುರಿಯುವ ಒಂದು ಮುಚ್ಚಳ ಕೀಟನಾಶಕದಲ್ಲಿ. ಎಲೆಚುಕ್ಕಿ ರೋಗಕ್ಕೆ ಸಿಂಪಡಿಸುವ ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕಗಳು, ಜೇನ್ನೊಣದ ದೇಹದಲ್ಲಿ ವಿಷವನ್ನು ಒಡೆಯುವ ಕಿಣ್ವಗಳನ್ನು ತಡೆಯುತ್ತವೆ. ಅದರೊಂದಿಗೆ ಲ್ಯಾಂಬ್ಡಾ ಸೈಹಲೋತ್ರಿನ್ ಬೆರೆತರೆ ವಿಷದ ತೀವ್ರತೆ ಹೆಚ್ಚುತ್ತದೆ. ಕೊಲ್ಲುವುದು ಬೆರಕೆ. ಬಾಟಲಿಯ ಚೀಟಿ ಇದನ್ನು ಬಿಡಿಸಿ ಹೇಳದಿರಬಹುದು.

ಅಡಿಕೆ ಮರದ ಬುಡವನ್ನೂ ನೋಡಬೇಕು. ಅಲ್ಲಿ ಅರಳುವ ನಾಚಿಕೆ ಮುಳ್ಳಿನ ಹೂವು ಬೆಳಗಿನ ಹೊತ್ತು ತುಡುವೆಗೆ ಪರಾಗ ಕೊಡುತ್ತದೆ. ಮೇಲೆ ಎರಚಿದ ದ್ರಾವಣ ತೊಟ್ಟಿಕ್ಕುವುದು ಅದರ ಮೇಲೆಯೇ. ಕಳೆನಾಶಕ ಹೊಡೆದರೆ ಆ ಹೂವೂ ಉಳಿಯದು.

ಗೇರು ಬೆಳೆಗಾರನ ನಷ್ಟ ಇನ್ನೂ ನೇರವಾದುದು. ಗೇರಿನ ಪರಾಗ ಅಂಟು. ಗಾಳಿಗೆ ಹಾರುವುದು ತೀರ ಕಡಿಮೆ. ಕೀಟಗಳು ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಹೂ ಬಿಟ್ಟ ಬೆಳಗ್ಗೆ ಟೀ ಸೊಳ್ಳೆಯ ಜೊತೆ ಜೇನನ್ನೂ ಕೊಂದವನು ತನ್ನ ಫಸಲನ್ನೇ ಕಳೆದುಕೊಳ್ಳುತ್ತಾನೆ.

ಸಿಂಪಡಣೆ ಅನಿವಾರ್ಯವಾದರೆ ಹೂ ಅರಳುವ ಮೊದಲೇ ಮುಗಿಸಬೇಕು. ಅದಾಗದಿದ್ದರೆ ನೊಣಗಳು ಗೂಡು ಸೇರಿದ ಸಂಜೆಯ ಹೊತ್ತನ್ನು ಆರಿಸಿಕೊಳ್ಳಬೇಕು. ಪುಡಿ ಕೀಟನಾಶಕ ಬೇಡವೇ ಬೇಡ. ನೊಣ ಅದನ್ನು ಪರಾಗದಂತೆ ಮೈಗಂಟಿಸಿಕೊಂಡು ಗೂಡಿಗೆ ಒಯ್ಯುತ್ತದೆ. ಹಿಂದಿನ ದಿನ ನೆರೆಯವರಿಗೆ ತಿಳಿಸಿದರೆ ಅವರು ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಕಟ್ಟಿ, ಒದ್ದೆ ಗೋಣಿ ಹೊದೆಸಿ, ನೆರಳಿನಲ್ಲಿ ಕೆಲವು ಗಂಟೆ ಕಾಪಾಡಬಹುದು. ಹೆಚ್ಚು ಹೊತ್ತು ಮುಚ್ಚಿದರೆ ಸೆಕೆಗೆ ಎರಿಯೇ ಕುಸಿದೀತು. ಎತ್ತರದ ಮರದ ಹೆಜ್ಜೇನಿಗೂ ಗೋಡೆಯ ಸಂದಿನ ಮುಜಂಟಿಗೂ ಗೋಣಿ ಹೊದೆಸುವವರಿಲ್ಲ. ಅವುಗಳ ಪಾಲಿಗೆ ಸಂಜೆಯ ಸಿಂಪಡಣೆಯೊಂದೇ ರಕ್ಷಣೆ.

ವಿದ್ಯಾರ್ಥಿಗಳಿಂದ ಆಗಬೇಕಾದ ಕೆಲಸವೊಂದಿದೆ. ಈ ವರ್ಷ ರಬ್ಬರು ಯಾವ ವಾರ ಚಿಗುರಿತು, ಗೇರು, ಕಾಫಿ, ನಾಚಿಕೆ ಮುಳ್ಳು ಯಾವಾಗ ಅರಳಿದವು, ಯಾರ ತೋಟದಲ್ಲಿ ಎಂದು ಸಿಂಪಡಣೆ ನಡೆಯಿತು, ಯಾವ ಪೆಟ್ಟಿಗೆಯ ಮುಂದೆ ಎಷ್ಟು ನೊಣ ಸತ್ತಿದ್ದವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಮುಂದಿನ ಗೇರು ಹೂವಿಗೆ ಮೊದಲು ಆ ಪಟ್ಟಿ ಎರಡೂ ಸಂಪಾಜೆಗಳ ಪಂಚಾಯತು ಫಲಕಗಳಲ್ಲಿ ಕಾಣಿಸಿಕೊಳ್ಳಬೇಕು.